ಬಿಳಿಗೂದಲು, ನೀಲಿ ಕಣ್ಣು, ಕೇಳದ ಕಿವಿ: ಮೂರಕ್ಕೂ ಮೂಲ ಒಂದೆ?

ಪ್ರಶ್ನೆ: ನಮ್ಮ ಅಣ್ಣನ ಮಗಳಿಗೆ ಈಗ ಎರಡು ವರ್ಷ. ಹುಟ್ಟಿದಾಗಿನಿಂದ ಅವಳ ಹಣೆಯ ಮೇಲೆ ಒಂದು ಹಿಡಿ ಕೂದಲು ಬೆಳ್ಳಗಿದೆ, ಒಂದು ಕಣ್ಣು ತಿಳಿನೀಲಿಯಾಗಿದೆ, ಎರಡು ಕಿವಿಯೂ ಕೇಳಿಸುವುದಿಲ್ಲ. ಇದು ವಾರ್ಡನ್‌ಬರ್ಗ್ ಸಿಂಡ್ರೋಮ್, ಪ್ಯಾಕ್ಸ್-3 ಎಂಬ ವಂಶವಾಹಿಯ ದೋಷದಿಂದ ನ್ಯೂರಲ್ ಕ್ರೆಸ್ಟ್ ಕೋಶಗಳಲ್ಲಿ ಆದ ತೊಂದರೆ ಎಂದು ವೈದ್ಯರು ಹೇಳಿದ್ದಾರೆ. ಕೂದಲು, ಕಣ್ಣು, ಕಿವಿಗಳಿಗೆ ಒಂದಕ್ಕೊಂದು ಏನು ಸಂಬಂಧ? ಅತ್ತಿಗೆ ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಹೋದದ್ದೇ ಕಾರಣವೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ.
— ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಒಬ್ಬ ತಾಯಿಯ ಮನಸ್ಸನ್ನು ನೋಯಿಸುತ್ತಿರುವ ಮಾತು. ಈ ಸ್ಥಿತಿಗೂ ಗ್ರಹಣಕ್ಕೂ ಯಾವ ಸಂಬಂಧವೂ ಇಲ್ಲ. ವಂಶವಾಹಿಯಲ್ಲಿನ ಇಂಥ ಬದಲಾವಣೆ ಸಾಮಾನ್ಯವಾಗಿ ಅಂಡಾಣು ಅಥವಾ ವೀರ್ಯಾಣುವಿನ ಜೊತೆಯಲ್ಲೇ ಬಂದಿರುತ್ತದೆ. ಅದರ ಪರಿಣಾಮ ತೊಡಗುವುದು ಗರ್ಭ ನಿಂತ ಮೂರು-ನಾಲ್ಕನೆಯ ವಾರದಲ್ಲಿ, ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದು ಆಗಷ್ಟೇ ತಿಳಿಯುವ ಹೊತ್ತಿನಲ್ಲಿ. ನಿಮ್ಮ ಅತ್ತಿಗೆಯವರು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದರಿಂದಲೂ ಇದು ಆದದ್ದಲ್ಲ. ದಯವಿಟ್ಟು ಇದನ್ನು ಅವರಿಗೂ ಹಿರಿಯರಿಗೂ ಸ್ಪಷ್ಟವಾಗಿ ಹೇಳಿ.

ಆ ವಾರಗಳಲ್ಲಿ ಭ್ರೂಣದ ಬೆನ್ನಿನ ಮೇಲಿರುವ ಹಾಳೆಯಂಥ ಪದರವೊಂದು ಎರಡೂ ಅಂಚುಗಳಿಂದ ಮೇಲೆದ್ದು, ಮಡಚಿಕೊಂಡು ಕೊಳವೆಯಾಗುತ್ತದೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗುವುದು ಈ ಕೊಳವೆಯೇ. ಆ ಪದರದ ಅಂಚು ಚರ್ಮವಾಗಲಿರುವ ಪದರವನ್ನು ಕೂಡುವ ಗಡಿಯಲ್ಲಿ ನ್ಯೂರಲ್ ಕ್ರೆಸ್ಟ್ ಕೋಶಗಳು ಹುಟ್ಟುತ್ತವೆ. ಸ್ವಿಸ್ ಅಂಗರಚನಾ ವಿಜ್ಞಾನಿ ವಿಲ್ಹೆಲ್ಮ್ ಹಿಸ್ ಇವನ್ನು 1868ರಲ್ಲಿ ಕೋಳಿಯ ಭ್ರೂಣದಲ್ಲಿ ಗುರುತಿಸಿದ್ದರೂ, ಇವು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆಂಬುದು ವಿವರವಾಗಿ ತಿಳಿದದ್ದು ಒಂದು ಶತಮಾನದ ನಂತರ, ಫ್ರಾನ್ಸಿನ ನಿಕೋಲ್ ಲೆ ದುವಾರಾಂ ಅವರು ಲಾವಕ್ಕಿಯ ಭ್ರೂಣದ ತುಣುಕನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದಾಗ. ಲಾವಕ್ಕಿಯ ಕೋಶಕೇಂದ್ರ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿಯೇ ಕಾಣುವುದರಿಂದ, ವಲಸೆ ಹೋದ ಕೋಶಗಳನ್ನು ಅವು ತಲುಪಿದ ಜಾಗದಲ್ಲೇ ಗುರುತಿಸಲು ಸಾಧ್ಯವಾಯಿತು. ಮುಖದ ಬಹುಪಾಲು ಮೂಳೆಗಳು, ಕರುಳಿನ ನರಗಳು, ಅಡ್ರಿನಲ್ ಗ್ರಂಥಿಯ ಒಳಭಾಗ, ಚರ್ಮದ ಬಣ್ಣದ ಕೋಶಗಳು ಎಲ್ಲವೂ ಈ ಒಂದೇ ಗಡಿಯಿಂದ ಬಂದಂಥವು.

ದೇಹದ ಬಹುಮಟ್ಟಿಗೆ ಎಲ್ಲ ಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ ಆದರೂ, ಅದರಲ್ಲಿ ಯಾವ ವಂಶವಾಹಿ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದು ಬೇರೆ ಬೇರೆ. ಸುತ್ತಲಿನ ಅಂಗಾಂಶಗಳು ಹೊರಸೂಸುವ ಬಿಎಂಪಿ, ವಿಂಟ್, ಎಫ್‌ಜಿಎಫ್ ಎಂಬ ಸಂಕೇತಗಳು ಗಡಿಯಲ್ಲಿ ಪ್ಯಾಕ್ಸ್-3 ಮತ್ತು ಅದರ ಸಂಗಡಿಗ ವಂಶವಾಹಿಗಳನ್ನು ಎಬ್ಬಿಸುತ್ತವೆ. ಅವು ಸಾಕ್ಸ್-10, ಫಾಕ್ಸ್-ಡಿ3, ಸ್ನೇಲ್-2 ಮುಂತಾದವನ್ನು ಎಬ್ಬಿಸುತ್ತವೆ. ಆಗ ಕೋಶಗಳು ನೆರೆಯ ಕೋಶಗಳೊಂದಿಗಿನ ಅಂಟನ್ನು ಸಡಿಲಿಸಿಕೊಂಡು ಹೊರಡುತ್ತವೆ. ಬಣ್ಣದ ಕೋಶಗಳಾಗಬೇಕಾದವುಗಳಲ್ಲಿ ಪ್ಯಾಕ್ಸ್-3 ಮತ್ತು ಸಾಕ್ಸ್-10 ಸೇರಿ ಎಂಐಟಿಎಫ್ ಎಂಬ ಇನ್ನೊಂದು ವಂಶವಾಹಿಯನ್ನು ಚಾಲೂ ಮಾಡುತ್ತವೆ, ಅದು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನು. ಹಾಗಾಗಿ ಪ್ಯಾಕ್ಸ್-3 ಸ್ವತಃ ಬಣ್ಣವನ್ನು ಮಾಡುವುದಿಲ್ಲ. ಅದರಿಂದ ತಯಾರಾಗುವ ಪ್ರೋಟೀನು ಬೇರೆ ವಂಶವಾಹಿಗಳ ಮೇಲೆ ಕುಳಿತು ಅವುಗಳ ತೂಬು ತೆಗೆಯುತ್ತದೆ. ನಮ್ಮಲ್ಲಿ ಅದರ ಎರಡು ಪ್ರತಿಗಳಿವೆ. ಒಂದು ಕೆಟ್ಟರೆ ಪ್ರೋಟೀನಿನ ಪ್ರಮಾಣ ತಗ್ಗಿ, ತೂಬು ಅರ್ಧ ತೆರೆದಾಗ ನಾಲೆಯ ಕೊನೆಯ ಗದ್ದೆಗೆ ನೀರು ಸಾಲದಂತೆ, ಕೆಲವು ಜಾಗಗಳಿಗೆ ಬಣ್ಣದ ಕೋಶಗಳು ಸಾಕಷ್ಟು ಸಿಗುವುದಿಲ್ಲ. ಹಣೆಯ ಮೇಲಿನ ಕೂದಲು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆ ಅಂಥ ಜಾಗಗಳು.

ಕಿವಿಯೂ ಅಂಥದೇ ಜಾಗವೆಂಬುದು ನನಗೆ ಇಂದಿಗೂ ಅಚ್ಚರಿಯ ವಿಷಯ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ, ಸುರುಳಿಯಾಕಾರದ ಕಾಕ್ಲಿಯದ ಗೋಡೆಯಲ್ಲಿ ನೆಲೆಸುವ ಬಣ್ಣದ ಕೋಶಗಳು ಅಲ್ಲಿನ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್‌ನಷ್ಟು ವಿದ್ಯುತ್ ವಿಭವವನ್ನು ಕಾಯ್ದುಕೊಳ್ಳಲು ಬೇಕೇಬೇಕು. ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಕೆಲಸ ಮಾಡುವುದು ಆ ವಿಭವದ ಬಲದಿಂದ. ಇಲ್ಲಿ ಬೇಕಾದದ್ದು ಬಣ್ಣವಲ್ಲ, ಕೋಶ. ಮೈಯೆಲ್ಲ ಬೆಳ್ಳಗಿರುವ ಆಲ್ಬಿನಿಸಂನಲ್ಲಿ ಮೆಲನಿನ್ ಇಲ್ಲದಿದ್ದರೂ ಕೋಶಗಳು ತಮ್ಮ ಸ್ಥಾನದಲ್ಲಿರುವುದರಿಂದ ಅಂಥವರಿಗೆ ಸಾಮಾನ್ಯವಾಗಿ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಕರುಳಿನ ನರಗಳೂ ಇದೇ ಗಡಿಯಿಂದ ಬಂದವಾದ್ದರಿಂದ, ಸಾಕ್ಸ್-10ರಲ್ಲಿ ದೋಷವಿರುವ ಕೆಲವು ಮಕ್ಕಳಲ್ಲಿ ಕರುಳಿನ ಕೊನೆಯ ಭಾಗಕ್ಕೆ ನರಕೋಶಗಳು ತಲುಪದೆ, ಹುಟ್ಟಿದಾಗಲೇ ಮಲವಿಸರ್ಜನೆಯ ತೊಂದರೆ ಕಾಣಿಸಿಕೊಳ್ಳುವುದೂ ಉಂಟು.

ಈ ಸ್ಥಿತಿಯಲ್ಲಿ ಶ್ರವಣ ನರ ಸಾಮಾನ್ಯವಾಗಿ ಸರಿಯಾಗಿರುವುದರಿಂದ, ಒಳಕಿವಿಯಲ್ಲಿ ಅಳವಡಿಸಿ ಆ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕಳುಹಿಸುವ ಕಾಕ್ಲಿಯರ್ ಇಂಪ್ಲಾಂಟ್‌ನಿಂದ ಅನೇಕ ಮಕ್ಕಳು ಮಾತು ಕಲಿಯುತ್ತಾರೆ, ಆದರೆ ಅದು ಎಳೆಯ ವಯಸ್ಸಿನಲ್ಲೇ ಆಗಬೇಕು; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಬೇಗನೆ ತೋರಿಸಿ. ತಂದೆತಾಯಿಯರೂ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು: ಇಬ್ಬರಲ್ಲಿ ಒಬ್ಬರಿಗೆ ಈ ಬದಲಾವಣೆ ಇದ್ದರೆ ಮುಂದಿನ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡ 50, ಇಬ್ಬರಲ್ಲೂ ಇಲ್ಲದೆ ಈ ಮಗುವಿನಲ್ಲೇ ಹೊಸದಾಗಿ ಮೂಡಿದ್ದರೆ ಆ ಸಾಧ್ಯತೆ ತೀರ ಕಡಿಮೆ.