ಬುದ್ಧನ ವಿಗ್ರಹದಲ್ಲಿ ಬಲಗೈ ನೆಲ ಮುಟ್ಟಿರೋದು ಯಾಕೆ? ಲೋಹದ ವಿಗ್ರಹ ಹೇಗೆ ಮಾಡ್ತಾರೆ?

ಅದು ಭೂಮಿಸ್ಪರ್ಶ ಮುದ್ರೆ. ಜ್ಞಾನೋದಯಕ್ಕೆ ಮುಂಚೆ, ಮನಸ್ಸು ಕೆಡಿಸಲು ನೋಡುವ ಮಾರ ಅನ್ನೋ ದುಷ್ಟಶಕ್ತಿ ಬಂದು, ಇಲ್ಲಿ ಕೂರೋಕೆ ನಿನಗೇನು ಹಕ್ಕು, ಸಾಕ್ಷಿ ಯಾರು ಅಂತ ಕೆಣಕಿದನಂತೆ. ಬುದ್ಧ ವಾದಕ್ಕೆ ಇಳಿಯದೆ ನೆಲ ಮುಟ್ಟಿ ಭೂಮಿಯನ್ನೇ ಸಾಕ್ಷಿಗೆ ಕರೆದ. ಜೋತುಬಿದ್ದ ಉದ್ದ ಕಿವಿ, ರಾಜಕುಮಾರನಾಗಿದ್ದಾಗ ಹಾಕಿಕೊಂಡಿದ್ದ ಭಾರದ ಓಲೆಗಳ ಗುರುತು ಅಂತಾರೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಅದನ್ನು ಮಾಡುವ ರೀತಿ. ನೇಪಾಳದ ಪಾಟನ್‌ನಲ್ಲಿ ನೇವಾರ್ ಸಮುದಾಯದ ಕುಶಲಕರ್ಮಿಗಳು ಮೊದಲು ಜೇನುಮೇಣಕ್ಕೆ ರಾಳ ಬೆರೆಸಿ ಇಡೀ ಮೂರ್ತಿ ಮಾಡುತ್ತಾರೆ. ಅದರ ಮೇಲೆ ಸಗಣಿ ಕಲಸಿದ ನುಣ್ಣನೆ ಮಣ್ಣು, ಅದು ಒಣಗಿದ ಮೇಲೆ ಭತ್ತದ ಹೊಟ್ಟು ಸೇರಿಸಿದ ಒರಟು ಮಣ್ಣು. ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ, ಆ ಟೊಳ್ಳಿಗೆ ಕರಗಿದ ತಾಮ್ರ ಹುಯ್ಯುತ್ತಾರೆ. ಅಚ್ಚನ್ನು ಒಡೆದೇ ತೆಗೆಯಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ವಿಗ್ರಹ! ಆಮೇಲೆ ಸಣ್ಣ ಉಳಿ ಹಿಡಿದು ಚೀವರದ (ಭಿಕ್ಷುವಿನ ಬಟ್ಟೆ) ಅಂಚಿನ ಹೂಬಳ್ಳಿ, ಬೆರಳಿನ ಉಗುರು ಎಲ್ಲಾ ಕೆತ್ತಬೇಕು, ತಿಂಗಳುಗಟ್ಟಲೆ ಕೆಲಸ. ಚಿನ್ನದ ಲೇಪಕ್ಕೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಬೆಂಕಿ ಹಿಡಿಯುತ್ತಾರೆ. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ, ಆದರೆ ಆ ಆವಿ ವಿಷ. ನಾವು ಹೊಳಪು ನೋಡಿ ಮೆಚ್ಚುತ್ತೇವೆ, ಅದರ ಬೆಲೆ ತೆರೋದು ಕುಶಲಕರ್ಮಿಯ ಶ್ವಾಸಕೋಶ, ಅಲ್ವಾ?

ಟಿಬೆಟನ್ ಪದ್ಧತಿಯಲ್ಲಿ ಟೊಳ್ಳಾದ ವಿಗ್ರಹದ ಒಳಗೆ ಮಂತ್ರ ಬರೆದ ಸುರುಳಿಗಳನ್ನು ತುಂಬಿ ತಳಕ್ಕೆ ತಗಡು ಮುಚ್ಚುತ್ತಾರೆ. ನಮ್ಮ ಬೈಲಕುಪ್ಪೆಯ ದೊಡ್ಡ ವಿಗ್ರಹಗಳ ಒಳಗೂ ಗ್ರಂಥಗಳಿವೆ. ಹಳೆ ವಿಗ್ರಹ ಕೈಗೆ ಸಿಕ್ಕರೆ ಒಳಗೇನಿದೆ ಅಂತ ಸುಮ್ನೆ ಆ ತಗಡು ಕೀಳಬೇಡಿ.