ನೇರ ಬಸ್ ಬೇಕೋ, ಬೇಗ ಸಿಗುವ ಬಸ್ ಬೇಕೋ?

ಪ್ರಾದೇಶಿಕ ಸಾರಿಗೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ ಬೇರೆ. ಕಳೆದ ಸಲವೂ ಇದೇ ಕತೆ. ಹಾಗಾಗಿ ಅದಕ್ಕೇ ಹೆಚ್ಚಿನ ಜಾಗ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮೂರಿನಿಂದ ಪಟ್ಟಣಕ್ಕೆ ಗಂಟೆಗೊಂದು ನೇರ ಬಸ್ ಇತ್ತು. ಈಗ ಜಂಕ್ಷನ್‌ನಲ್ಲಿ ಇಳಿದು ಬೇರೆ ಬಸ್ ಹತ್ತಿ ಅನ್ನುತ್ತಿದ್ದಾರೆ. ಇದೂ ಒಂದು ಸುಧಾರಣೆಯೇ? ನೇರ ಬಸ್ ಬಿಡಲು ಇವರಿಗೇನು ಕಷ್ಟ?

ಸ್ವಲ್ಪ ಲೆಕ್ಕ ಮಾಡೋಣ, ಕೋಪ ಆಮೇಲೆ.

ಬಸ್ಸು ಊರಿನಿಂದ ಹೊರಟು, ಪಟ್ಟಣ ಮುಟ್ಟಿ, ಡ್ರೈವರ್ ಒಂದಿಷ್ಟು ಸುಧಾರಿಸಿಕೊಂಡು, ವಾಪಸ್ ಬಂದು ಮತ್ತೆ ಹೊರಡಲು ಸಿದ್ಧವಾಗುವಷ್ಟು ಹೊತ್ತು ಒಂದು ಸುತ್ತು. ಅದನ್ನು ಬಸ್ಸುಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ನಿಮಿಷಕ್ಕೊಂದು ಬಸ್ ಎಂದು ಗೊತ್ತಾಗುತ್ತದೆ. ಒಂದು ಜಂಕ್ಷನ್ ಸುತ್ತ ಆರು ಹಳ್ಳಿಗಳಿವೆ, ಕೈಯಲ್ಲಿ 12 ಬಸ್ ಇವೆ ಎಂದುಕೊಳ್ಳಿ. ಪ್ರತಿ ಹಳ್ಳಿಗೂ ನೇರ ಬಸ್ ಕೊಟ್ಟರೆ ಹಳ್ಳಿಗೆ ಎರಡು ಬಸ್. ಸುತ್ತಿಗೆ 120 ನಿಮಿಷ ಹಿಡಿದರೆ ಗಂಟೆಗೊಂದು ಬಸ್. ನಿಮಗೆ ಇದ್ದದ್ದು ಇದೇ.

ಈಗ ಅದೇ 12 ಬಸ್ಸನ್ನು ಬೇರೆ ರೀತಿ ಹಂಚಿ. ಹಳ್ಳಿಯಿಂದ ಜಂಕ್ಷನ್‌ಗೆ ಹತ್ತು ನಿಮಿಷದ ದಾರಿ, ನಿಲ್ಲುವ ಹೊತ್ತು ಸೇರಿ ಸುತ್ತು 30 ನಿಮಿಷ. ಹಳ್ಳಿಗೊಂದೇ ಬಸ್ ಸಾಕು, ಅರ್ಧ ಗಂಟೆಗೊಮ್ಮೆ ಬರುತ್ತದೆ. ಉಳಿದ ಆರು ಬಸ್ ಜಂಕ್ಷನ್‌ನಿಂದ ಪಟ್ಟಣಕ್ಕೆ, ಸುತ್ತು 90 ನಿಮಿಷ. ಅಂದರೆ 15 ನಿಮಿಷಕ್ಕೊಂದು. ಒಂದು ಬಸ್ಸನ್ನೂ ಹೊಸದಾಗಿ ಕೊಂಡಿಲ್ಲ, ಒಬ್ಬ ಡ್ರೈವರನ್ನೂ ಹೆಚ್ಚಿಗೆ ತೆಗೆದುಕೊಂಡಿಲ್ಲ. ಅದರ ಮೇಲೆ ಪಕ್ಕದ ಹಳ್ಳಿಗೂ ಬಸ್ಸಿನಲ್ಲೇ ಹೋಗಬಹುದು, ಮೊದಲು ಆ ದಾರಿಯೇ ಇರಲಿಲ್ಲ.

"ವೇಳೆ ಗೊತ್ತಿದ್ದರೆ ಗಂಟೆಗೊಂದು ಬಸ್ಸಾದರೂ ಸಾಕು, ಯಾರೂ ಸ್ಟಾಪಿನಲ್ಲಿ ನಿಂತು ಕಾಯುವುದಿಲ್ಲ" ಎಂದು ಒಬ್ಬರು ಬರೆದಿದ್ದಾರೆ. ಸ್ಟಾಪಿನಲ್ಲಿ ಕಾಯುವುದಿಲ್ಲ, ನಿಜ. ಕೆಲಸ ಹತ್ತು ಗಂಟೆಗೆ, ಬಸ್ ಮುಟ್ಟುವುದು 9.15ಕ್ಕೆ, ಅದು ಬಿಟ್ಟರೆ 10.15ಕ್ಕೆ. ಆ ಮುಕ್ಕಾಲು ಗಂಟೆ ಯಾರದ್ದು? ಬಸ್ ವೇಗವಾಗಿ ಓಡಿದರೆ ಐದು ನಿಮಿಷ ಉಳಿಯಬಹುದು. ಬೇಗ ಬೇಗ ಬಂದರೆ ಅರ್ಧ ಗಂಟೆಯೇ ಉಳಿಯುತ್ತದೆ.

ಇಷ್ಟು ಹೇಳಿ, ನಿಮ್ಮ ಕೋಪಕ್ಕೆ ಬರುತ್ತೇನೆ. ಅದರಲ್ಲಿ ಅರ್ಧ ನ್ಯಾಯವಾದದ್ದೇ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ವ್ಯವಸ್ಥೆ ಜಾರಿಯಾದ ಮೊದಲ ಬೆಳಿಗ್ಗೆ ನಾನು ಜಂಕ್ಷನ್‌ನಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ವೇಳಾಪಟ್ಟಿಯ ಪ್ರಕಾರ ಹಳ್ಳಿಯ ಬಸ್ ಮುಟ್ಟುವುದು 8.00ಕ್ಕೆ, ಪಟ್ಟಣದ ಬಸ್ ಹೊರಡುವುದೂ 8.00ಕ್ಕೆ. ಕಾಗದದ ಮೇಲೆ ಬಲು ಚೆಂದ. ಹಳ್ಳಿಯ ಬಸ್ 8.01ಕ್ಕೆ ಬಂತು. ಎರಡು ಚೀಲ ಹಿಡಿದ ಹೆಂಗಸೊಬ್ಬರು ರಸ್ತೆ ದಾಟಲು ಲಾರಿಗಳ ಸಾಲು ಕರಗುವುದನ್ನೇ ನೋಡುತ್ತಾ ನಿಂತರು. ಆಚೆ ಬದಿಯ ಬಸ್ ಅವರ ಕಣ್ಣೆದುರೇ ಹೊರಟಿತು. ಅವರು ಏನೂ ಅನ್ನಲಿಲ್ಲ, ಚೀಲ ಕೆಳಗಿಟ್ಟರು, ಅಷ್ಟೇ. ಆ ವೇಳಾಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಎರಡು ಬಸ್ಸಿಗೆ ಒಂದೇ ನಿಮಿಷ ಬರೆದರೆ ಅದು ಜೋಡಣೆ ಅಲ್ಲ, ಜೂಜು. ಹಳ್ಳಿಯ ಬಸ್ 7.55ಕ್ಕೆ ಬರಬೇಕು, ಪಟ್ಟಣದ್ದು 8.00ಕ್ಕೆ ಹೊರಡಬೇಕು, ಎರಡೂ ಒಂದೇ ಚಾವಣಿಯ ಕೆಳಗೆ ನಿಲ್ಲಬೇಕು. ಸ್ವಿಟ್ಜರ್ಲೆಂಡಿನವರು 1982ರ ಮೇ ತಿಂಗಳಲ್ಲಿ ಇಡೀ ದೇಶದ ರೈಲುಗಳನ್ನು ಇಂಥ ಗಡಿಯಾರದ ಲೆಕ್ಕಕ್ಕೆ ತಂದರು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವ ಹಾಗೆ. ಆಮೇಲಿನ ಯೋಜನೆಯಲ್ಲಿ, ದೊಡ್ಡ ನಿಲ್ದಾಣಕ್ಕೆ ಗಂಟೆ ಹೊಡೆಯುವ ಮೊದಲು ಎಲ್ಲ ದಿಕ್ಕಿನಿಂದಲೂ ರೈಲು ಬಂದು ಸೇರಬೇಕು, ಗಂಟೆ ದಾಟಿದ ಮೇಲೆ ಎಲ್ಲ ದಿಕ್ಕಿಗೂ ಹೊರಡಬೇಕು ಎಂದು ಹಟ ಹಿಡಿದರು. ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು, ಹೀಗಾಗಿ ಜೋಡಣೆ ತಪ್ಪುತ್ತಿತ್ತು. 2004ರ ಡಿಸೆಂಬರಿನಲ್ಲಿ ಮ್ಯಾಟ್‌ಸ್ಟೆಟನ್ – ರೋಥ್ರಿಸ್ಟ್ ನಡುವೆ ಹೊಸ ಹಳಿ ತೆರೆದ ಮೇಲೆ ಅದು 56 ನಿಮಿಷಕ್ಕೆ ಇಳಿಯಿತು. 40 ನಿಮಿಷಕ್ಕೆ ಇಳಿಸುವ ಹುಚ್ಚಿಗೆ ಅವರು ಹೋಗಲಿಲ್ಲ. ಮೊದಲು ವೇಳಾಪಟ್ಟಿ ಬರೆದರು, ಅದಕ್ಕೆ ಬೇಕಾದಷ್ಟೇ ಹಳಿ ಹಾಕಿದರು. ನಮ್ಮ ಕಸುಬಿನವರಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು: ಮೊದಲು ಹಳಿ, ವೇಳೆಯ ಮಾತು ಉದ್ಘಾಟನೆಯ ಹಿಂದಿನ ದಿನ.

ಟಿಕೆಟ್ಟಿನ ವಿಷಯದಲ್ಲಿ ನನಗೆ ತಾಳ್ಮೆಯೇ ಇಲ್ಲ. ಬಸ್ ಬದಲಿಸಿ ಅಂದವರು ಎರಡನೇ ಟಿಕೆಟ್ಟಿಗೆ ದುಡ್ಡು ಕೇಳಿದರೆ ಅದು ದಂಡ. ಬೇರೆ ಬೇರೆ ಸಂಸ್ಥೆಗಳು, ಲೆಕ್ಕ ಹೊಂದುವುದಿಲ್ಲ ಎಂಬ ನೆಪ ಹಳಸಿ ಹೋಗಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಸಾರಿಗೆ ಸಂಸ್ಥೆಗಳು ಒಕ್ಕೂಟ ಕಟ್ಟಿಕೊಂಡವು, ಆಮೇಲೆ ಒಂದೇ ದರಪಟ್ಟಿಗೆ ಬಂದವು. ಆಗ ಕಂಪ್ಯೂಟರ್ ಕೂಡ ಇಂದಿನ ಹಾಗೆ ಇರಲಿಲ್ಲ.

ಈಗ ನಿಮ್ಮ ಊರಿನದ್ದನ್ನು ನೀವೇ ಪರೀಕ್ಷಿಸಿ. ನೇರ ಬಸ್ ತೆಗೆದಾಗ ಉಳಿದ ಬಸ್ಸುಗಳು ಎಲ್ಲಿ ಹೋದವು ಎಂದು ಲಿಖಿತವಾಗಿ ಕೇಳಿ. ಅರ್ಧ ಗಂಟೆಗೊಂದು ಬಸ್ ಬಂದಿದ್ದರೆ ಒಂದೆರಡು ತಿಂಗಳು ಸಹಿಸಿ ನೋಡಿ. ಬಸ್ ಬದಲಿಸುವುದೂ ಉಳಿದು, ಕಾಯುವುದೂ ಮೊದಲಿನಷ್ಟೇ ಇದ್ದರೆ ನಿಮಗೆ ಸಿಕ್ಕಿದ್ದು ಸುಧಾರಣೆ ಅಲ್ಲ, ಕಡಿತ. ಗಲಾಟೆ ಮಾಡಿ, ನನ್ನ ಹೆಸರು ಬೇಕಾದರೂ ಹೇಳಿ. ರಾತ್ರಿಯ ಕೊನೆ ಬಸ್ಸಿನ ಮಾತಂತೂ ಬೇರೆಯೇ. ಪಟ್ಟಣದ ಕೊನೆ ಬಸ್ ಬರುವ ತನಕ ಹಳ್ಳಿಯ ಕೊನೆ ಬಸ್ ಕದಲಬಾರದು, ಎಷ್ಟು ತಡವಾದರೂ ಸರಿ. ಆ ಒಂದು ಸಾಲು ಇಲ್ಲದ ವೇಳಾಪಟ್ಟಿಗೆ ನಾನು ಈಗ ಸಹಿ ಹಾಕುವುದಿಲ್ಲ. ಶಾಲೆ ಹೊತ್ತಿನಲ್ಲಿ ನಿಮ್ಮೂರಿನ ಮಕ್ಕಳಿಂದಲೇ ಬಸ್ ತುಂಬುತ್ತದೆ ಎಂದಾದರೆ ಆ ಎರಡು ಟ್ರಿಪ್ ನೇರವಾಗಿಯೇ ಇರಲಿ. ತುಂಬಿದ ಬಸ್ಸನ್ನು ಜಂಕ್ಷನ್‌ನಲ್ಲಿ ಖಾಲಿ ಮಾಡಿಸುವುದು ಮೂರ್ಖತನ.

ಪ್ರಶ್ನೆ: ನಮ್ಮ ಭಾಗಕ್ಕೆ ಮೊನೊರೈಲು ತಂದರೆ ಎಲ್ಲ ಸಮಸ್ಯೆ ಪರಿಹಾರ ಎಂದು ಒಬ್ಬ ಸಲಹೆಗಾರರು ಹೇಳಿದರು. ನಿಜವೇ?

ಕೂಸು ಹುಟ್ಟುವ ಮುನ್ನ ಕುಲಾವಿ. ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ಎಂದು ಕೇಳುವ ಮೊದಲೇ ವಾಹನದ ಚಿತ್ರ ತೋರಿಸುವವರು ಸಲಹೆಗಾರರಲ್ಲ, ಮಾರಾಟಗಾರರು. ನೋಡದೆ ಮದ್ದು ಕೊಡುವ ನಾಟಿ ವೈದ್ಯನಾದರೂ ಒಮ್ಮೆ ನಾಡಿ ಹಿಡಿಯುವ ನಾಟಕ ಆಡುತ್ತಾನೆ. ಸಿಡ್ನಿಯ ಮೊನೊರೈಲು 1988ರಲ್ಲಿ ಶುರುವಾಗಿ 2013ರಲ್ಲಿ ಮುಚ್ಚಿತು. ಅತ್ತ ಬ್ರೆಜಿಲ್‌ನ ಕುರಿಚಿಬಾ 1974ರಲ್ಲಿ ಬಸ್ಸಿಗೆಂದೇ ರಸ್ತೆಯ ನಡುವೆ ದಾರಿ ಬಿಟ್ಟುಕೊಟ್ಟಿತು, ಅದು ಇವತ್ತಿಗೂ ಓಡುತ್ತಿದೆ.

ಪ್ರಶ್ನೆ: ಮಧ್ಯಾಹ್ನ ದೊಡ್ಡ ಬಸ್ ಖಾಲಿ ಓಡುತ್ತದೆ. ಮಿನಿ ಬಸ್ ಬಿಡಬಾರದೇ?

ಮಿನಿ ಬಸ್ಸಿಗೂ ಒಬ್ಬ ಡ್ರೈವರ್ ಬೇಕು. ಬೆಳಿಗ್ಗೆ ಎಂಟಕ್ಕೆ ಅದೇ ದೊಡ್ಡ ಬಸ್ಸಿನಲ್ಲಿ ನೀವು ನೇತಾಡಿಕೊಂಡು ಹೋದದ್ದು ಮರೆತಿರಿ.

ಪ್ರಶ್ನೆ: ಟಿಕೆಟ್ ಉಚಿತ ಮಾಡಿದರೆ ಕಾರುಗಳು ತಾವಾಗಿಯೇ ಕಡಿಮೆ ಆಗುತ್ತವಲ್ಲ?

ಎಸ್ಟೋನಿಯಾದ ಟ್ಯಾಲಿನ್ ನಗರ 2013ರಲ್ಲಿ ತನ್ನ ನಿವಾಸಿಗಳಿಗೆ, ಲಕ್ಸೆಂಬರ್ಗ್ 2020ರಲ್ಲಿ ದೇಶಕ್ಕೇ ಉಚಿತ ಮಾಡಿದವು. ಬಡವರ ಜೇಬಿಗೆ ಒಳ್ಳೆಯದೇ. ಕಾರುಗಳು ಎರಡೂ ಕಡೆ ಇದ್ದಲ್ಲೇ ಇವೆ.

ಪ್ರಶ್ನೆ: ಮೊಬೈಲಿನಲ್ಲಿ ಕರೆದರೆ ಮನೆ ಬಾಗಿಲಿಗೆ ವ್ಯಾನ್ ಬರುವ ವ್ಯವಸ್ಥೆ ಇರುವಾಗ ಬಸ್ ಮಾರ್ಗ ಯಾಕೆ ಬೇಕು?

ನಾಲ್ಕು ಮನೆ ಇರುವ ಕಡೆ ಸರಿ. ನಲವತ್ತು ಜನ ಒಟ್ಟಿಗೆ ಕರೆದ ದಿನ ಬರೆಯಿರಿ.

ಪ್ರಶ್ನೆ: ಅರ್ಧ ಗಂಟೆ ಒಂದೂ ಬಸ್ ಇಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವೆ. ಡ್ರೈವರ್‌ಗಳು ಮಾತಾಡಿಕೊಂಡೇ ಹೀಗೆ ಮಾಡುತ್ತಾರಲ್ಲವೇ?

ಇಲ್ಲ. ಮುಂದೆ ಓಡುತ್ತಿರುವ ಬಸ್ ಎರಡು ನಿಮಿಷ ತಡವಾದರೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡ. ಅದರ ಹಿಂದೆ ಬರುವ ಬಸ್ಸಿಗೆ ಹತ್ತುವವರೇ ಇಲ್ಲ, ಓಡಿ ಬಂದು ಸೇರಿಕೊಳ್ಳುತ್ತದೆ. ಮೂರೂ ಬಂದಾಗ ಕೊನೆಯದನ್ನು ಹತ್ತಿ, ಸೀಟು ಸಿಗುತ್ತದೆ.