ಹತ್ತು ನಿಮಿಷ, ಎಪ್ಪತ್ತು ಅಕ್ಷರ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ವಿಷಯ: ಕಾಲೇಜಿನಲ್ಲಿ ಅವಘಡವಾದಾಗ ಮೊಬೈಲ್, ಇ-ಮೇಲ್, ವೆಬ್‌ಸೈಟ್ ಮೂಲಕ ಸುದ್ದಿ ಮುಟ್ಟಿಸುವುದು.

ನಮ್ಮಲ್ಲಿ ಪ್ರಾಂಶುಪಾಲರ ಒಪ್ಪಿಗೆ ಇಲ್ಲದೆ ಯಾವ ಪ್ರಕಟಣೆಯೂ ಹೊರಡುವಂತಿಲ್ಲ. ರಾತ್ರಿ ಬೆಂಕಿ ಬಿದ್ದರೂ ಕಾಯಬೇಕೇ?
— ಹಾಸ್ಟೆಲ್ ವಾರ್ಡನ್, ಹಾಸನ

ಕಾಯಬಾರದು. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗುಂಡು ಹಾರಿದ್ದು ಬೆಳಿಗ್ಗೆ ಸುಮಾರು 7.15ಕ್ಕೆ. ಎಲ್ಲರಿಗೂ ಮೊದಲ ಇ-ಮೇಲ್ ಹೋದದ್ದು 9.26ಕ್ಕೆ. ಅದಾಗಿ ಕಾಲು ಗಂಟೆಯೊಳಗೆ ತರಗತಿಗಳ ಕಟ್ಟಡದಲ್ಲಿ ಎರಡನೆಯ ದಾಳಿ. ಒಟ್ಟು 32 ಜನ ಬಲಿಯಾದರು. ಅಲ್ಲಿ ಕೆಟ್ಟಿದ್ದು ಮೇಲ್ ಸರ್ವರ್ ಅಲ್ಲ. ಏನು ಹೇಳಬೇಕೆಂದು ಮೇಲಿನವರು ಸಭೆ ಕೂತಿದ್ದರು. ಕ್ಯಾಂಪಸ್ ಪೊಲೀಸರಿಗೆ ತಾವಾಗಿ ಸಂದೇಶ ಕಳಿಸುವ ವ್ಯವಸ್ಥೆಯೇ ಇರಲಿಲ್ಲ.

ನಿಮ್ಮ ಆಡಳಿತ ಮಂಡಳಿಯಿಂದ ಒಂದು ಪುಟದ ಆದೇಶ ಮಾಡಿಸಿಕೊಳ್ಳಿ. ಯಾರನ್ನೂ ಕೇಳದೆ ಮೊದಲ ಸಂದೇಶ ಕಳಿಸಬಲ್ಲ ಮೂವರ ಹೆಸರು ಅದರಲ್ಲಿರಲಿ. ಅವರಲ್ಲಿ ಒಬ್ಬರು ರಾತ್ರಿ ಕ್ಯಾಂಪಸ್ಸಿನಲ್ಲೇ ಇರುವವರಾಗಿರಬೇಕು. ‘ಒಳ್ಳೆಯ ಉದ್ದೇಶದಿಂದ ಕಳಿಸಿದ ಸಂದೇಶ ತಪ್ಪಾದರೂ ವಿಚಾರಣೆ ಇಲ್ಲ’ ಎಂಬ ಸಾಲನ್ನು ಬಿಡಬೇಡಿ. ಆ ಸಾಲಿಲ್ಲದೆ ಯಾವ ವಾರ್ಡನ್ನೂ ಬಟನ್ ಒತ್ತುವುದಿಲ್ಲ, ಒತ್ತದಿರುವುದು ಅವರ ತಪ್ಪೂ ಅಲ್ಲ.

ಇನ್ನೊಂದನ್ನು ಇವತ್ತೇ ನೋಡಿ: ಎಸ್‌ಎಂಎಸ್ ಪೋರ್ಟಲ್ ತೆರೆಯಲು ಬರುವ ಓಟಿಪಿ ಯಾರ ಫೋನಿಗೆ ಹೋಗುತ್ತದೆ? ಬಹಳ ಕಡೆ ಅದು ಸಂಜೆ ಐದಕ್ಕೆ ಮನೆಗೆ ಹೋಗುವ ಸೂಪರಿಂಟೆಂಡೆಂಟರ ಫೋನು. ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿ.

ಘಟನೆ ಗೊತ್ತಾದ ಹತ್ತು ನಿಮಿಷದೊಳಗೆ ಮೊದಲ ಸಂದೇಶ ಹೊರಡಬೇಕು. ಅದರಲ್ಲಿ ಏನು, ಎಲ್ಲಿ, ನೀವೇನು ಮಾಡಬೇಕು, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಇಷ್ಟಿದ್ದರೆ ಸಾಕು. ಬೆಂಕಿ ಹೇಗೆ ಹತ್ತಿತು ಎಂಬುದು ಆಮೇಲೆ. ಹೇಳಿದ ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೆ ‘ಹೊಸದೇನಿಲ್ಲ’ ಎಂದಾದರೂ ಕಳಿಸಿ. ಸುಮ್ಮನಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ.

ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಒಂದಕ್ಕೆ ಮೂರು ಕ್ರೆಡಿಟ್ ಹೋಗುತ್ತದೆ. ಕೆಲವು ತಲುಪುವುದೇ ಇಲ್ಲ. ವಾಟ್ಸ್ಆ್ಯಪ್ ಗುಂಪೊಂದೇ ಸಾಲದೇ?
— ಕಚೇರಿ ಸಿಬ್ಬಂದಿ, ಗದಗ

ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರದ ಜಾಗವಿದ್ದರೆ ಕನ್ನಡಕ್ಕೆ 70. ಅದು ಮೀರಿದರೆ 67ರಂತೆ ತುಂಡಾಗುತ್ತದೆ, ತುಂಡಿಗೊಂದು ಕ್ರೆಡಿಟ್. ಕಣ್ಣಿಗೆ ಕಾಣುವ ಅಕ್ಷರವನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ವಿದ್ಯಾರ್ಥಿ’ ನಮಗೆ ಮೂರಕ್ಷರ, ಯಂತ್ರಕ್ಕೆ ಹತ್ತು. ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಎಣಿಕೆ. ‘ಆತ್ಮೀಯ ವಿದ್ಯಾರ್ಥಿಗಳೇ’ ಎಂದು ಶುರುಮಾಡಿದರೆ ಅಲ್ಲಿಗೇ 20 ಖರ್ಚು. ಇದನ್ನು ನೋಡಿ:

‘ಬೆಂಕಿ. ಬಿ ಬ್ಲಾಕ್ ಬಿಟ್ಟು ಮೈದಾನಕ್ಕೆ ಬನ್ನಿ. ಲಿಫ್ಟ್ ಬೇಡ.’

ಚುಕ್ಕಿ, ಖಾಲಿ ಜಾಗ ಸೇರಿ 52. ಉಳಿದ 18ರಲ್ಲಿ ಗಂಟೆ ಬರೆಯಬಹುದು.

ತಲುಪದಿರುವುದಕ್ಕೆ ಸಾಮಾನ್ಯ ಕಾರಣ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮ. ಸಗಟು ಎಸ್‌ಎಂಎಸ್ ಕಳಿಸುವ ಸಂಸ್ಥೆ, ಅದರ ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಒಕ್ಕಣೆ ಮೂರೂ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿಯಾಗಿರಬೇಕು. ನೋಂದಾಯಿಸಿದ ಒಕ್ಕಣೆಗೂ ಕಳಿಸಿದ್ದಕ್ಕೂ ಒಂದು ಪದ ವ್ಯತ್ಯಾಸವಾದರೂ ಸಂದೇಶ ದಾರಿಯಲ್ಲೇ ಬಿದ್ದುಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಒಳಗಿನ ಲಿಂಕ್ ಕೂಡ ಮೊದಲೇ ನೋಂದಣಿಯಾಗಿರಬೇಕು. ಬೆಂಕಿ, ನೆರೆ, ರಜೆ, ‘ಕೊಠಡಿಯಲ್ಲೇ ಇರಿ’, ‘ಅಪಾಯ ಮುಗಿದಿದೆ’, ಈ ಐದನ್ನು ಜಾಗ ಮತ್ತು ಗಂಟೆ ಮಾತ್ರ ಬದಲಾಗುವಂತೆ ಈಗಲೇ ನೋಂದಾಯಿಸಿಡಿ.

ವಾಟ್ಸ್ಆ್ಯಪ್ ಬೇಕು, ಆದರೆ ಅದೊಂದನ್ನೇ ನಂಬಬೇಡಿ. ಒಂದು ಗುಂಪಿಗೆ 1024 ಜನರ ಮಿತಿ ಇದೆ, ಅರ್ಧಕ್ಕರ್ಧ ಜನ ಮ್ಯೂಟ್ ಮಾಡಿರುತ್ತಾರೆ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡದಿದ್ದರೆ ‘ಓಕೆ ಸರ್’, ಕೈಮುಗಿಯುವ ಚಿತ್ರಗಳ ನಡುವೆ ಎಚ್ಚರಿಕೆ ಮೇಲೆ ಸರಿದು ಕಾಣೆಯಾಗುತ್ತದೆ. ಇಂಟರ್ನೆಟ್ ನಿಲ್ಲುವುದೂ ಉಂಟು. 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಡೇಟಾ ಸ್ಥಗಿತವಾಗಿತ್ತು. ಅಂಥ ಹೊತ್ತಿಗೆ ಒಬ್ಬರು ಹತ್ತು ಜನರಿಗೆ ಫೋನ್ ಮಾಡುವ ಪಟ್ಟಿ ಕಾಗದದ ಮೇಲಿರಲಿ.

ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಸಹಿಯ ನಕಲಿ ರಜೆ ಆದೇಶ ಓಡಾಡುತ್ತದೆ. ತಡೆಯುವುದು ಹೇಗೆ?
— ಉಪನ್ಯಾಸಕಿ, ಉಡುಪಿ ಜಿಲ್ಲೆ

ಹಳೆಯ ಆದೇಶದ ಫೋಟೋದಲ್ಲಿ ತಾರೀಖು ತಿದ್ದುವುದು ಎರಡು ನಿಮಿಷದ ಕೆಲಸ, ತಡೆಯಲಾಗದು. ನಿಜ ಎಲ್ಲಿ ಸಿಗುತ್ತದೆಂದು ಮೊದಲೇ ಗೊತ್ತಿದ್ದರೆ ನಕಲಿಗೆ ಬೆಲೆ ಇರುವುದಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಒಂದು ಪುಟವನ್ನು ಇದಕ್ಕೇ ಮೀಸಲಿಡಿ: ಫೋಟೋ, ಬ್ಯಾನರ್ ಬೇಡ, ಬರೀ ಅಕ್ಷರ, ಮೇಲೆ ಗಂಟೆ. ಪುಟವನ್ನು ಕಾಲೇಜಿನ ಸರ್ವರಿನಲ್ಲಿ ಇಡಬೇಡಿ. ಕರೆಂಟು ಹೋಗಿ ಯುಪಿಎಸ್ ಇಳಿದರೆ ವೆಬ್‌ಸೈಟ್, ವೈಫೈ, ಮೈಕು ಎಲ್ಲ ಒಟ್ಟಿಗೇ ಮಲಗುತ್ತವೆ. ಆದೇಶವನ್ನು ಪೂರ್ತಿ ಓದಿ. ‘ಅಂಗನವಾಡಿಯಿಂದ ಪಿಯುವರೆಗೆ’ ಎಂದಿದ್ದರೆ ಪದವಿ ಕಾಲೇಜಿಗೆ ಆ ರಜೆ ಅನ್ವಯಿಸುವುದಿಲ್ಲ. ‘ನಮಗೆ ರಜೆ ಇಲ್ಲ’ ಎಂಬುದನ್ನೂ ಪುಟದಲ್ಲಿ ಹಾಕಬೇಕು. ಅದನ್ನು ಯಾರೂ ಹಾಕುವುದಿಲ್ಲ, ಗೊಂದಲವೆಲ್ಲ ಅಲ್ಲಿಂದಲೇ.

ಬಾಂಬ್ ಇದೆ ಎಂಬ ಇ-ಮೇಲ್ ಬಂದರೆ?
— ಪ್ರಾಂಶುಪಾಲರು, ಬೆಂಗಳೂರು

112ಕ್ಕೆ ಕರೆ ಮಾಡಿ. ಉತ್ತರ ಬರೆಯಬೇಡಿ, ಅಳಿಸಬೇಡಿ. ಪೊಲೀಸರಿಗೆ ಆ ಇ-ಮೇಲಿನ ಪೂರ್ತಿ ಹೆಡರ್, ಅಂದರೆ ಅದು ಎಲ್ಲಿಂದ ಯಾವ ದಾರಿಯಲ್ಲಿ ಬಂತೆಂಬ ವಿವರ, ಬೇಕಾಗುತ್ತದೆ, ಸ್ಕ್ರೀನ್‌ಶಾಟಿನಲ್ಲಿ ಅದು ಇರುವುದಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಇಂಥ ಹುಸಿ ಮೇಲ್ ಬಂದಾಗ ಪೋಷಕರು ಗೇಟಿಗೆ ಧಾವಿಸಿದ್ದರು. ಪೋಷಕರಿಗೆ ‘ಗಾಬರಿಯಾಗಬೇಡಿ’ ಎಂದರೆ ಗಾಬರಿ ಹೆಚ್ಚುತ್ತದೆ. ಮಕ್ಕಳು ಎಲ್ಲಿದ್ದಾರೆ, ಯಾವ ಗೇಟಿಗೆ ಎಷ್ಟು ಗಂಟೆಗೆ ಬರಬೇಕು, ಅದನ್ನು ತಿಳಿಸಿ.

ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರೆ ಉಳಿದವರಿಗೆ ಏನೆಂದು ಬರೆಯುವುದು?
— ಆಪ್ತಸಮಾಲೋಚಕಿ, ಧಾರವಾಡ

ಮೊದಲು ಮನೆಯವರಿಗೆ, ಅದೂ ಫೋನಿನಲ್ಲಿ ಅಥವಾ ಖುದ್ದಾಗಿ. ಆಮೇಲೆ ಕೋಣೆಯ ಜೊತೆಗಾರರಿಗೆ, ಕೂರಿಸಿಕೊಂಡು. ಉಳಿದ ಹುಡುಗರಿಗೆ ಸಂದೇಶ ಹೋಗುವುದು ಇವೆರಡೂ ಆದ ಮೇಲೆ. ಹೆಸರು ಹಾಕಲು ಮನೆಯವರ ಒಪ್ಪಿಗೆ ಬೇಕು. ಹೇಗೆ, ಯಾವ ಕೋಣೆ, ಚೀಟಿಯಲ್ಲಿ ಏನಿತ್ತು, ಇದಾವುದೂ ಬೇಡ. ‘ಪರೀಕ್ಷೆಯ ಭಯದಿಂದ’ ಎಂದು ಒಂದೇ ಕಾರಣ ಹೇಳುವುದು ಸುಳ್ಳೂ ಹೌದು, ಅದೇ ಭಯದಲ್ಲಿರುವ ಇನ್ನೊಬ್ಬನಿಗೆ ಅಪಾಯವೂ ಹೌದು. ‘ನಮ್ಮ ವಿದ್ಯಾರ್ಥಿಯೊಬ್ಬರನ್ನು ಕಳೆದುಕೊಂಡಿದ್ದೇವೆ. ಸಮಾಲೋಚಕರು ಇಂದು ರಾತ್ರಿಯಿಡೀ ಹಾಸ್ಟೆಲಿನಲ್ಲೇ ಇರುತ್ತಾರೆ’ ಎಂಬಷ್ಟು ಸಾಕು, ಆದರೆ ಸಮಾಲೋಚಕರು ನಿಜಕ್ಕೂ ಇರಬೇಕು. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ. ದಿನದ 24 ಗಂಟೆಯೂ, ಕನ್ನಡದಲ್ಲೂ ಸಿಗುತ್ತದೆ. ಸಹಾಯವಾಣಿ ಸಂಖ್ಯೆಗಳು ಹಾಸ್ಟೆಲು, ತರಗತಿ, ವೆಬ್‌ಸೈಟಿನಲ್ಲಿ ಎದ್ದು ಕಾಣುವಂತಿರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ತಪ್ಪು ಎಚ್ಚರಿಕೆ ಹೋಗಿಬಿಟ್ಟರೆ?
— ಎನ್‌ಎಸ್‌ಎಸ್ ಅಧಿಕಾರಿ, ತುಮಕೂರು

2018ರ ಜನವರಿ 13ರ ಬೆಳಿಗ್ಗೆ 8.07ಕ್ಕೆ ಹವಾಯಿಯ ಜನರ ಫೋನಿಗೆ ‘ಕ್ಷಿಪಣಿ ಬರುತ್ತಿದೆ’ ಎಂಬ ಸಂದೇಶ ಬಂತು. ತಪ್ಪೆಂದು ನಿಮಿಷಗಳಲ್ಲೇ ಗೊತ್ತಾದರೂ ಫೋನುಗಳಿಗೆ ತಿದ್ದುಪಡಿ ಹೋಗಲು 38 ನಿಮಿಷ ಬೇಕಾಯಿತು. ರದ್ದು ಮಾಡುವ ಒಕ್ಕಣೆ ಸಿದ್ಧವಿರಲಿಲ್ಲ. ಟ್ವಿಟರ್ ಪಾಸ್‌ವರ್ಡ್ ತಮಗೆ ಗೊತ್ತಿರಲಿಲ್ಲವೆಂದು ಅಲ್ಲಿನ ಗವರ್ನರ್ ಆಮೇಲೆ ಒಪ್ಪಿಕೊಂಡರು. ‘ಹಿಂದಿನ ಸಂದೇಶ ತಪ್ಪು. ಅಪಾಯವಿಲ್ಲ.’ ಇದನ್ನೂ ಆರನೆಯದಾಗಿ ಡಿಎಲ್‌ಟಿಯಲ್ಲಿ ನೋಂದಾಯಿಸಿ. ಮೊದಲ ಸಂದೇಶ ಯಾವ ಪಟ್ಟಿಗೆ ಹೋಗಿತ್ತೋ ಅದೇ ಪಟ್ಟಿಗೆ, ಅದೇ ಹೆಡರಿನಿಂದ ಇದೂ ಹೋಗಬೇಕು.